ಭೋಗ್ಯದ ಬಂಡಿ

ಒಂದು ವಸ್ತುವನ್ನು ಕೊಳ್ಳದೆ, ದಾನವಾಗಿಯೂ ಪಡೆಯದೆ, ಕೆಲವು ಕಾಲ ಮಾತ್ರ ನಮ್ಮದೆಂಬಂತೆ ಬಳಸಿ ಹಿಂದಿರುಗಿಸುವ ವ್ಯವಹಾರಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ಮನೆಗೆ ಬಾಡಿಗೆ, ಹೊಲಕ್ಕೆ ಗೇಣಿ, ಮಾವಿನ ತೋಪಿನ ಫಸಲಿಗೆ ಗುತ್ತಿಗೆ. ಇವೆಲ್ಲಕ್ಕಿಂತ ನನಗೆ ಪ್ರಿಯವಾದ ಮಾತು ಭೋಗ್ಯ. ನಮ್ಮ ಧರ್ಮಶಾಸ್ತ್ರಕಾರರು ಅಡವಿನಲ್ಲಿ ಎರಡು ಬಗೆಗಳನ್ನು ಹೇಳಿದ್ದಾರೆ: ಒಂದು ಗೋಪ್ಯ, ಇನ್ನೊಂದು ಭೋಗ್ಯ. ಕೇವಲ ಕಾಪಾಡಿಡಬೇಕಾದದ್ದು ಗೋಪ್ಯ, ಅನುಭವಿಸಬಹುದಾದದ್ದು ಭೋಗ್ಯ. ಅಡವಿಟ್ಟ ಒಡವೆಯನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಡಬೇಕು. ಅಡವಿಗೆ ಬಂದ ಗದ್ದೆಯನ್ನು ಉತ್ತು ಬಿತ್ತಬಹುದು. ಪ್ರವಾಸಿಯೊಬ್ಬನಿಗೆ ಪರದೇಶವೆಂಬುದು ಈ ಎರಡರಲ್ಲಿ ಯಾವುದು ಎಂಬ ಪ್ರಶ್ನೆಯನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಈ ಪ್ರಶ್ನೆ ನನಗೆ ಎದುರಾದದ್ದು ಪುಸ್ತಕದಲ್ಲಲ್ಲ, ಐಸ್‌ಲೆಂಡಿನಲ್ಲಿ. ಅಟ್ಲಾಂಟಿಕ್ ಸಾಗರದ ಉತ್ತರ ಭಾಗದಲ್ಲಿ, ಧ್ರುವವೃತ್ತಕ್ಕೆ ತಾಗಿದಂತೆ ಇರುವ ಈ ದ್ವೀಪದ ವಿಸ್ತೀರ್ಣ ಸುಮಾರು 1,03,000 ಚದರ ಕಿಲೋಮೀಟರು. ಎಂದರೆ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಜನಸಂಖ್ಯೆಯಾದರೋ ನಾಲ್ಕು ಲಕ್ಷವನ್ನೂ ಮುಟ್ಟಿಲ್ಲ. ಅವರಲ್ಲಿ ಹೆಚ್ಚಿನವರು ರಾಜಧಾನಿ ರೇಕ್ಯಾವಿಕ್ ಮತ್ತು ಅದರ ಆಸುಪಾಸಿನಲ್ಲಿಯೇ ಇದ್ದಾರೆ. ಉಳಿದ ನೆಲವೆಲ್ಲ ಹಿಮನದಿ, ಜ್ವಾಲಾಮುಖಿ, ಕಪ್ಪು ಮರಳು, ಹಾವಸೆ ಮುಚ್ಚಿದ ಲಾವಾ ಬಯಲು. ನಡುನಡುವೆ ಕುರಿಗಳು ಮೇಯುವ ಹಸುರು ಇಳಿಜಾರು. ರೈಲು ಅಲ್ಲಿಲ್ಲ. ಊರೂರಿಗೆ ಹೋಗುವ ಬಸ್ಸುಗಳು ವಿರಳ. ದ್ವೀಪವನ್ನು ಒಂದು ಸುತ್ತು ಬಳಸುವ ಒಂದನೆಯ ನಂಬರಿನ ಹೆದ್ದಾರಿಯೊಂದಿದೆ. ಉದ್ದ ಸುಮಾರು 1,300 ಕಿಲೋಮೀಟರು. ಈ ಸುತ್ತು ಕೂಡಿದ್ದು 1974ರಲ್ಲಿ. ಜನ ಮೊದಲು ಅಲ್ಲಿ ನೆಲೆಸಿ ಹನ್ನೊಂದು ಶತಮಾನಗಳಾದವೆಂದು ದೇಶವೇ ಉತ್ಸವ ಆಚರಿಸಿದ ವರ್ಷ ಅದು.

ಇಂಥ ದೇಶವನ್ನು ನೋಡಬಯಸುವವರಿಗೆ ಒದಗುವ ಸಾಧನವೇ ಮಲಗುವ ವ್ಯಾನು. ಹಿಂಭಾಗದಲ್ಲಿ ಇಬ್ಬರೋ ನಾಲ್ವರೋ ಮಲಗುವಷ್ಟು ಜಾಗ, ಒಂದು ಗ್ಯಾಸ್ ಒಲೆ, ನೀರಿನ ಡಬ್ಬ, ನಾಲ್ಕು ಪಾತ್ರೆ, ಎಂಜಿನ್ ನಿಲ್ಲಿಸಿದ ಮೇಲೂ ಒಳಗನ್ನು ಬೆಚ್ಚಗಿಡುವ ಒಂದು ಹೀಟರು. ಐಸ್‌ಲೆಂಡಿನವರ ಭಾಷೆಯಲ್ಲಿ ದೊಡ್ಡ ವ್ಯಾನಿಗೆ 'ಮನೆಗಾಡಿ' ಎಂಬ ಅರ್ಥದ ಹೆಸರಿದೆ. ಕೆಫ್ಲಾವಿಕ್ ವಿಮಾನ ನಿಲ್ದಾಣದ ಸುತ್ತಮುತ್ತ ಇಂಥ ಗಾಡಿಗಳನ್ನು ನಾಲ್ಕು ದಿನಕ್ಕೆ, ಹತ್ತು ದಿನಕ್ಕೆ, ತಿಂಗಳಿಗೆ ಕೊಡುವ ಸಂಸ್ಥೆಗಳು ಹಲವಾರಿವೆ. ಅವಧಿ ಹೆಚ್ಚಿದಂತೆ ದಿನದ ದರ ಇಳಿಯುತ್ತದೆ. ಬೇಸಿಗೆಯಲ್ಲಿ ಏರುತ್ತದೆ, ಚಳಿಗಾಲದಲ್ಲಿ ಇಳಿಯುತ್ತದೆ. ಹೋಟೆಲು ಬಲು ದುಬಾರಿಯಾದ ಆ ದೇಶದಲ್ಲಿ ಗಾಡಿಯ ಬಾಡಿಗೆ ಮತ್ತು ಕೋಣೆಯ ಬಾಡಿಗೆ ಒಂದರಲ್ಲಿಯೇ ಅಡಗುವುದು ಮಧ್ಯಮ ವರ್ಗದ ಸಂಸಾರಕ್ಕೆ ಸಣ್ಣ ಅನುಕೂಲವೇನಲ್ಲ. ನನ್ನ ಮಗನ ಸಂಸಾರದೊಡನೆ ಒಂದು ಬೇಸಿಗೆಯಲ್ಲಿ ನಾನೂ ಇಂಥ ವ್ಯಾನಿನಲ್ಲಿ ಹನ್ನೆರಡು ದಿನ ಕಳೆದೆ. ಓಡಿಸುವವನು ಅವನು; ಕಿಟಕಿಯ ಪಕ್ಕದ ಆಸನ ಮತ್ತು ಕರಾರು ಪತ್ರ ಓದುವ ಕೆಲಸ ನನ್ನ ಪಾಲಿಗೆ ಬಂದಿದ್ದವು.

ಕರಾರು ಪತ್ರವನ್ನು ನಾನು ಸಾಹಿತ್ಯದ ವಿದ್ಯಾರ್ಥಿಯಾಗಿಯೇ ಓದಿದೆ. ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಲಾಕ್ಷಣಿಕರು ವಿಧಿಸಿದ್ದಾರೆ. ಸಮುದ್ರ, ಪರ್ವತ, ಋತು, ಸೂರ್ಯೋದಯ ಇತ್ಯಾದಿ. ಆ ದೇಶದ ವ್ಯಾನಿನ ಕರಾರು ಪತ್ರದಲ್ಲಿ ಅವುಗಳಲ್ಲಿ ಹಲವು ಇವೆ ಎಂದರೆ ನೀವು ನಗಬಹುದು. ಗಾಳಿಗೆ ಬಾಗಿಲು ಕಿತ್ತುಕೊಂಡು ಹೋದರೆ ನಷ್ಟ ಸಾಮಾನ್ಯವಾಗಿ ಪಡೆದವನದು; ವಿಮೆ ಒದಗುವುದಿಲ್ಲ. ಇದು ವಾಯುವರ್ಣನೆ. ಮರಳು ಮತ್ತು ಜ್ವಾಲಾಮುಖಿಯ ಬೂದಿ ಬೀಸಿ ಗಾಡಿಯ ಬಣ್ಣ ಸುಲಿದರೆ ಅದಕ್ಕೆ ಬೇರೆಯೇ ವಿಮೆ ಕೊಳ್ಳಬೇಕು. ಇದು ಪರ್ವತವರ್ಣನೆ. ಜಲ್ಲಿರಸ್ತೆಯಲ್ಲಿ ಎದುರುಗಾಡಿಯ ಚಕ್ರದಿಂದ ಸಿಡಿದ ಕಲ್ಲು ಗಾಜಿಗೆ ಬಡಿದರೆ ಅದಕ್ಕೊಂದು ವಿಮೆ. ಹೊಳೆ ದಾಟುವಾಗ ಎಂಜಿನ್ನಿಗೆ ನೀರು ನುಗ್ಗಿದರೆ ಬಹುಮಟ್ಟಿಗೆ ಯಾವ ವಿಮೆಯೂ ಇಲ್ಲ. ಇದು ನದೀವರ್ಣನೆ. ಒಳನಾಡಿನ ಬೆಟ್ಟದ ದಾರಿಗಳಿಗೆ ನಂಬರಿನ ಹಿಂದೆ 'ಎಫ್' ಎಂಬ ಅಕ್ಷರ ಸೇರಿಸಿರುತ್ತಾರೆ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲವಿರುವ ಗಾಡಿಯ ಹೊರತು ಬೇರೆಯದಕ್ಕೆ ಅಲ್ಲಿ ಪ್ರವೇಶವಿಲ್ಲ. ಡಾಂಬರಿನ ಮೇಲೆ ಗಂಟೆಗೆ 90 ಕಿಲೋಮೀಟರು, ಜಲ್ಲಿಯ ಮೇಲೆ 80. ಹಗಲಿನಲ್ಲಿಯೂ ದೀಪ ಉರಿಯುತ್ತಿರಬೇಕು. ಒಂದೇ ಗಾಡಿ ಹಿಡಿಸುವ ಸೇತುವೆಗೆ ಮೊದಲು ಬಂದವನು ಮೊದಲು ದಾಟಬೇಕು.

ಪ್ರವಾಸದ ಕೈಪಿಡಿಗಳು ದೇಶದ ಸೊಬಗನ್ನು ಹೇಳುತ್ತವೆ; ಕರಾರು ಪತ್ರ ಅದರ ಸ್ವಭಾವವನ್ನು ಹೇಳುತ್ತದೆ. ಸಹಿ ಹಾಕುವ ಮುನ್ನ ಗಾಡಿಯ ಸುತ್ತ ನಡೆದು, ಇರುವ ಗೀರು, ತಗ್ಗುಗಳನ್ನೆಲ್ಲ ಒಂದು ಚಿತ್ರದ ಮೇಲೆ ಗುರುತು ಮಾಡುತ್ತಾರೆ. ಹಿಂದಿರುಗಿಸುವ ದಿನ ಅದೇ ಚಿತ್ರ ಹಿಡಿದು ಮತ್ತೆ ಸುತ್ತು ಬರುತ್ತಾರೆ. ಹೊಸ ಗೀರು ಕಂಡರೆ ಅದರ ಬೆಲೆ ತಗಾದೆಯಾಗಿ ಬರುತ್ತದೆ. ಟ್ಯಾಂಕು ತುಂಬಿ ಕೊಟ್ಟದ್ದನ್ನು ತುಂಬಿಯೇ ಒಪ್ಪಿಸಬೇಕು. ನಿಯಮ ಕಟ್ಟುನಿಟ್ಟು, ಆದರೆ ನ್ಯಾಯವಾದದ್ದು. ಹೇಗೆ ಪಡೆದೆಯೋ ಹಾಗೆ ಕೊಡು; ನಡುವೆ ಸುಖಪಡು. ಭೋಗ್ಯದ ತಿರುಳೆಲ್ಲ ಇಷ್ಟೆ. ಈ ಒಂದು ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ದಾರಿಯಲ್ಲಿ ಸಾಗಿದರೆ, ದೇಶದ ಚರಿತ್ರೆಯೂ ಇದೇ ಸೂತ್ರದ ಸುತ್ತ ಹೆಣೆದುಕೊಂಡಿರುವಂತೆ ತೋರುತ್ತದೆ.

ಮೊದಲು ಸಿಗುವುದು ಥಿಂಗ್‌ವೆಲ್ಲಿರ್ ಬಯಲು. ಕ್ರಿ.ಶ. 930ರಿಂದ ದ್ವೀಪದ ಮುಖಂಡರು ಪ್ರತಿ ಬೇಸಿಗೆಯಲ್ಲಿ ಇಲ್ಲಿ ಸೇರಿ ನ್ಯಾಯ ನಿರ್ಣಯಿಸುತ್ತಿದ್ದರು. ಅವರಿಗೆ ಅರಸನಿರಲಿಲ್ಲ, ಮೊದಮೊದಲು ಬರೆದಿಟ್ಟ ಕಾನೂನೂ ಇರಲಿಲ್ಲ. ಕಾನೂನನ್ನು ಕಂಠಪಾಠ ಮಾಡಿದ ಒಬ್ಬ ಅಧಿಕಾರಿಯಿದ್ದ. ಅವನು ಬಂಡೆಯ ಬಳಿ ನಿಂತು, ವರ್ಷಕ್ಕೆ ಮೂರನೆಯ ಒಂದು ಪಾಲಿನಂತೆ, ಮೂರು ವರ್ಷಗಳಲ್ಲಿ ನಾಡಿನ ಕಾನೂನನ್ನೆಲ್ಲ ಗಟ್ಟಿಯಾಗಿ ಹೇಳಿ ಮುಗಿಸಬೇಕಾಗಿತ್ತು. ಕ್ರೈಸ್ತ ಮತವನ್ನು ಒಪ್ಪುವ ನಿರ್ಧಾರವೂ ಸಾವಿರದ ಇಸವಿಯ ಸುಮಾರಿನಲ್ಲಿ ಇಲ್ಲಿಯೇ ಆಯಿತು. ಹಳೆಯ ದೇವರುಗಳ ವಿಗ್ರಹಗಳನ್ನು ಅಂದಿನ ಕಾನೂನಿನ ಅಧಿಕಾರಿ ಉತ್ತರದ ಒಂದು ಜಲಪಾತಕ್ಕೆ ಎಸೆದನೆಂದು ಐತಿಹ್ಯ. 1944ರ ಜೂನ್ 17ರಂದು ಗಣರಾಜ್ಯದ ಘೋಷಣೆಯಾದದ್ದೂ ಇಲ್ಲಿಯೇ. ಇನ್ನೂ ಒಂದು ವಿಚಿತ್ರವೆಂದರೆ, ಉತ್ತರ ಅಮೆರಿಕದ ಮತ್ತು ಯುರೇಷ್ಯದ ಭೂಫಲಕಗಳು ಇಲ್ಲಿ ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿನಷ್ಟು ದೂರ ಸರಿಯುತ್ತಿವೆ. ಕಾಲ ಕೆಳಗಿನ ನೆಲವೇ ಸ್ಥಿರವಲ್ಲದ ಕಡೆ ಜನ ತಮ್ಮ ಸ್ಥಿರತೆಯನ್ನು ಮಾತಿನಲ್ಲಿ, ನೆನಪಿನಲ್ಲಿ ಕಟ್ಟಿಕೊಂಡರು.

ಅಲ್ಲಿಂದ ಬಿಸಿನೀರ ಬುಗ್ಗೆಗಳನ್ನು ಹಾದು ಮುಂದೆ ಹೋದರೆ ಗುಲ್‌ಫಾಸ್, ಎಂದರೆ ಹೊನ್ನ ಜಲಪಾತ. ಹ್ವೀತಾ ನದಿ ಎರಡು ಮೆಟ್ಟಿಲಾಗಿ 32 ಮೀಟರು ಕೆಳಕ್ಕೆ ಬಿದ್ದು ಒಂದು ಕಿರಿದಾದ ಕಂದರದಲ್ಲಿ ಅಡಗಿಹೋಗುತ್ತದೆ. ನಮ್ಮ ಜೋಗದ ಎತ್ತರದ ಮುಂದೆ ಇದೇನೂ ದೊಡ್ಡದಲ್ಲ. ಆದರೆ ಈ ಜಲಪಾತವೂ ಒಮ್ಮೆ ಗುತ್ತಿಗೆಗೆ ಹೋಗಿತ್ತು ಎಂಬುದನ್ನು ನೀವು ಕೇಳಬೇಕು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜಲಪಾತದ ಒಂದು ಪಾಲು ಪಕ್ಕದ ಬ್ರಾತ್‌ಹೋಲ್ಟ್ ಎಂಬ ಹೊಲಮನೆಯ ಒಡೆಯ ತೋಮಸ್ ತೋಮಸ್ಸನ್ ಎಂಬಾತನಿಗೆ ಸೇರಿತ್ತು. 1907ರಲ್ಲಿ ಒಬ್ಬ ಆಂಗ್ಲನು ವಿದ್ಯುತ್ತಿಗಾಗಿ ಅದನ್ನು ಕೊಳ್ಳಲು ಬಂದನಂತೆ, ರೈತ ಒಪ್ಪಲಿಲ್ಲ. ಮಾರಾಟ ತಪ್ಪಿದರೂ ಮುಂದೆ ಗುತ್ತಿಗೆ ತಪ್ಪಲಿಲ್ಲ. ಜಲಪಾತದ ಹಕ್ಕು ಕೈಯಿಂದ ಕೈಗೆ ದಾಟಿ ವಿದೇಶಿ ಬಂಡವಾಳಗಾರರನ್ನು ತಲಪಿತು. ಆಗ ಎದ್ದು ನಿಂತವಳು ಆತನ ಮಗಳು ಸಿಗ್ರಿದುರ್ ತೋಮಸ್‌ದೋತ್ತಿರ್. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ; ಪ್ರವಾಸಿಗಳನ್ನು ಜಲಪಾತಕ್ಕೆ ಕರೆದೊಯ್ಯುತ್ತಿದ್ದ, ಅಲ್ಲಿಗೆ ಮೊದಲ ಕಾಲುದಾರಿ ತುಳಿದ ಹಳ್ಳಿಯ ಹೆಣ್ಣು. ಗುತ್ತಿಗೆಯನ್ನು ರದ್ದು ಮಾಡಿಸಲು ಆಕೆ ತನ್ನ ಉಳಿತಾಯವನ್ನು ಸುರಿದು ದಾವೆ ಹೂಡಿದಳು. ನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ರೇಕ್ಯಾವಿಕ್‌ಗೆ ಮತ್ತೆ ಮತ್ತೆ ಪ್ರಯಾಣ ಮಾಡಿದಳು. ಕಾಲ್ನಡಿಗೆಯಲ್ಲಿಯೂ ಹೋದಳೆಂದು ಹೇಳುತ್ತಾರೆ. ಕೆಲಸ ಆರಂಭವಾದರೆ ತಾನು ಜಲಪಾತಕ್ಕೆ ಹಾರುವೆನೆಂದು ಆಣೆಯಿಟ್ಟಳಂತೆ. ಆಕೆಯ ಪರವಾಗಿ ನಿಂತ ವಕೀಲ ಸ್ವೇನ್ ಬ್ಯೋರ್ನ್‌ಸನ್. ಮುಂದೆ 1944ರಲ್ಲಿ ಆ ಗಣರಾಜ್ಯದ ಮೊದಲ ಅಧ್ಯಕ್ಷನಾದವನು ಆತನೇ.

ನ್ಯಾಯಾಲಯದಲ್ಲಿ ಆಕೆಗೆ ಗೆಲುವು ದೊರೆಯಲಿಲ್ಲ. ಆದರೆ ಗುತ್ತಿಗೆಯ ಹಣ ಬಾಕಿ ಬಿದ್ದು 1929ರಲ್ಲಿ ಕರಾರು ತಾನಾಗಿ ಮುರಿದುಬಿತ್ತು. ಆಕೆ 1957ರಲ್ಲಿ ತೀರಿಕೊಂಡಳು. 1979ರಲ್ಲಿ ಜಲಪಾತ ರಕ್ಷಿತ ಪ್ರದೇಶವಾಯಿತು. ಅಲ್ಲಿಯ ಕಲ್ಲಿನಲ್ಲಿ ಆಕೆಯ ಮುಖವನ್ನು ಕಂಡರಿಸಿದ್ದಾರೆ. ಬಾಡಿಗೆಯ ಗಾಡಿಗಳು ಸಾಲುಗಟ್ಟಿ ನಿಂತಿರುವ ಆ ಬಯಲಿನಲ್ಲಿ ಆ ಮುಖದ ಮುಂದೆ ನಿಂತಾಗ ನನಗನ್ನಿಸಿತು: ಇಲ್ಲಿ ಎರಡು ಗುತ್ತಿಗೆಗಳಿವೆ. ಮುಗಿದ ಮೇಲೆ ವಸ್ತು ಇದ್ದಂತೆಯೇ ಉಳಿಯುವ ಗುತ್ತಿಗೆ ಒಂದು. ಮುಗಿಯುವ ಹೊತ್ತಿಗೆ ವಸ್ತುವೇ ಇಲ್ಲವಾಗುವ ಗುತ್ತಿಗೆ ಇನ್ನೊಂದು. ಕಾಗದದ ಮೇಲೆ ಎರಡಕ್ಕೂ ಒಂದೇ ಹೆಸರು. ಈ ಭೇದವನ್ನು ವಕೀಲರಿಗಿಂತ ಮೊದಲು ಕಂಡವಳು ಶಾಲೆಗೆ ಹೋಗದ ಆ ಹೆಂಗಸು.

ದಕ್ಷಿಣದ ಹಾದಿಯಲ್ಲಿ ಮುಂದೆ ಹ್ಲಿದರೆಂದಿ ಎಂಬ ಸ್ಥಳವಿದೆ. ಹದಿಮೂರನೆಯ ಶತಮಾನದಲ್ಲಿ ಹುಟ್ಟಿದ ಸಾಗಾಗಳೆಂಬ ಗದ್ಯಕಥನಗಳಲ್ಲಿ ಎಲ್ಲಕ್ಕಿಂತ ಹೆಸರಾದ ನ್ಯಾಲನ ಸಾಗಾದ ವೀರ ಗುನ್ನಾರ್ ಬಾಳಿದ ನೆಲ ಅದು. ಕೊಲೆಯ ಕಾರಣದಿಂದ ಅವನು ಮೂರು ವರ್ಷ ದೇಶ ಬಿಡಬೇಕೆಂದು ತೀರ್ಪಾಗಿರುತ್ತದೆ. ಹಡಗಿಗೆ ಹೊರಟಾಗ ದಾರಿಯಲ್ಲಿ ಕುದುರೆ ಎಡವುತ್ತದೆ. ಕೆಳಕ್ಕೆ ಧುಮುಕಿದ ಗುನ್ನಾರ್ ಹಿಂತಿರುಗಿ ತನ್ನ ಇಳಿಜಾರಿನ ಹೊಲಗಳನ್ನು ನೋಡುತ್ತಾನೆ. ಅಷ್ಟೆ, ಮತ್ತೆ ಹಡಗಿನ ಕಡೆ ಮುಖ ತಿರುಗಿಸುವುದಿಲ್ಲ. ಮನೆಗೆ ಮರಳುತ್ತಾನೆ, ಹಗೆಗಳ ಕೈಯಲ್ಲಿ ಸಾಯುತ್ತಾನೆ. ನೆಲದ ಚೆಲುವಿಗೆ ಪ್ರಾಣವನ್ನೇ ತೆತ್ತವನ ಹೊಲದ ಪಕ್ಕದಲ್ಲಿ ನಾವು ಹತ್ತು ನಿಮಿಷ ಗಾಡಿ ನಿಲ್ಲಿಸಿ ಚಿತ್ರ ತೆಗೆದು ಮುಂದೆ ಸಾಗುತ್ತೇವೆ. ಕಥೆಯನ್ನು ಓದಿ ಹೋದವನಿಗೆ ಮಾತ್ರ ಆ ಹತ್ತು ನಿಮಿಷ ಭಾರವಾಗಿರುತ್ತವೆ.

ಇನ್ನೂ ಪೂರ್ವಕ್ಕೆ ಹೋದಂತೆ ಹೆದ್ದಾರಿ ಒಂದು ವಿಶಾಲವಾದ ಲಾವಾ ಬಯಲನ್ನು ಹಾಯುತ್ತದೆ. 1783ರ ಲಾಕಿ ಸ್ಫೋಟದಲ್ಲಿ ಎಂಟು ತಿಂಗಳು ಹರಿದ ಬೆಂಕಿ ಅದು. ವಿಷದ ಗಾಳಿಯಿಂದ ದನಕರು, ಕುರಿಗಳು ಸತ್ತು, ಅದರ ಹಿಂದೆ ಬಂದ ಕ್ಷಾಮದಲ್ಲಿ ದೇಶದ ಜನರಲ್ಲಿ ಐದರಲ್ಲಿ ಒಬ್ಬರು ಅಳಿದರು. ಆ ಕರಿಯ ಕಲ್ಲಿನ ಮೇಲೆ ಇಂದು ಮೊಣಕಾಲು ಹುದುಗುವ ಹಾಗೆ ಕಾಣುವ ಬೂದುಹಸುರು ಹಾವಸೆ ಹಬ್ಬಿದೆ. ಎರಡು ಶತಮಾನಗಳಿಗೂ ಮೀರಿದ ತಾಳ್ಮೆಯ ಫಲ ಅದು. ಒಂದು ಗಾಡಿ ದಾರಿ ಬಿಟ್ಟು ಅದರ ಮೇಲೆ ಒಮ್ಮೆ ಹರಿದರೆ ಆ ಗಾಯ ಮಾಯಲು ಹತ್ತಾರು ವರ್ಷಗಳು ಬೇಕು. ಆದ್ದರಿಂದಲೇ ದಾರಿ ಬಿಟ್ಟು ಗಾಡಿ ಓಡಿಸುವುದು ಅಲ್ಲಿ ಶಿಕ್ಷಾರ್ಹ ಅಪರಾಧ. ಸಮೀಪದಲ್ಲಿಯೇ ಫ್ಯಾದ್ರಾರ್‌ಗ್ಲ್ಯೂಫರ್ ಎಂಬ ಕಂದರವಿದೆ. 2015ರಲ್ಲಿ ಜನಪ್ರಿಯ ಗಾಯಕನೊಬ್ಬನ ಹಾಡಿನ ಚಿತ್ರದಲ್ಲಿ ಅದು ಕಾಣಿಸಿಕೊಂಡಿತು. ಮುಂದಿನ ವರ್ಷಗಳಲ್ಲಿ ನುಗ್ಗಿದ ಜನರ ಕಾಲ್ತುಳಿತಕ್ಕೆ ಅಂಚಿನ ಹಾವಸೆ ಕೆಸರಾಗಿ, 2019ರಲ್ಲಿ ಕಂದರವನ್ನು ಕೆಲವು ತಿಂಗಳು ಮುಚ್ಚಿಯೇ ಬಿಟ್ಟರು. ಅವರಲ್ಲಿ ಯಾರೂ ದುಷ್ಟರಲ್ಲ. ಒಬ್ಬೊಬ್ಬರೂ ಒಂದೊಂದು ಹೆಜ್ಜೆ ಮಾತ್ರ ಪಕ್ಕಕ್ಕೆ ಇಟ್ಟವರು. 2010ರಲ್ಲಿ ಐದು ಲಕ್ಷದೊಳಗಿದ್ದ ವಿದೇಶಿ ಪ್ರವಾಸಿಗಳ ಸಂಖ್ಯೆ 2018ರಲ್ಲಿ 23 ಲಕ್ಷಕ್ಕೆ ಏರಿತೆಂದ ಮೇಲೆ ಆ ಒಂದೊಂದು ಹೆಜ್ಜೆಯ ಲೆಕ್ಕ ನಿಮಗೇ ತಿಳಿಯುತ್ತದೆ.

ಮನುಷ್ಯ ಕಟ್ಟಿದ್ದನ್ನು ನಿಸರ್ಗವೂ ಅಲ್ಲಿ ಸುಮ್ಮನೆ ಬಿಡುವುದಿಲ್ಲ. 1974ರಲ್ಲಿ ಸುತ್ತುದಾರಿಯ ಕೊನೆಯ ಕೊಂಡಿಯಾಗಿ ಸ್ಕೇದರಾ ನದಿಯ ಮರಳಿನ ಮೇಲೆ ಉದ್ದದ ಸೇತುವೆ ಕಟ್ಟಿದರು. 1996ರಲ್ಲಿ ಹಿಮನದಿಯ ಅಡಿಯಲ್ಲಿ ಜ್ವಾಲಾಮುಖಿ ಸಿಡಿದು, ಕರಗಿದ ನೀರು ಮನೆಯಷ್ಟು ದೊಡ್ಡ ನೀರ್ಗಲ್ಲುಗಳನ್ನು ಹೊತ್ತು ಬಂದು ಸೇತುವೆಯನ್ನು ಮುರಿಯಿತು. ತಿರುಚಿಕೊಂಡ ಉಕ್ಕಿನ ತೊಲೆಗಳನ್ನು ದಾರಿಯ ಪಕ್ಕದಲ್ಲಿ ನೆನಪಿಗಾಗಿ ಇರಿಸಿದ್ದಾರೆ. ಅಲ್ಲಿಂದಾಚೆ ಯೋಕುಲ್ಸಾರ್ಲೋನ್ ಎಂಬ ಸರೋವರ. ಹಿಮನದಿಯಿಂದ ಕಳಚಿದ ನೀಲಿಯ ಗಡ್ಡೆಗಳು ಅದರಲ್ಲಿ ತೇಲಿ ಸಮುದ್ರಕ್ಕೆ ಸಾಗುತ್ತವೆ. ನೋಡಲು ಬಲು ಚೆಲುವು. ಆದರೆ ನೂರು ವರ್ಷಗಳ ಹಿಂದೆ ಆ ಸರೋವರವೇ ಇರಲಿಲ್ಲ; ಹಿಮನದಿ ಹಿಂದೆ ಸರಿದಂತೆ ಹುಟ್ಟಿ ಬೆಳೆಯಿತು. ಪಶ್ಚಿಮದಲ್ಲಿ ಓಕ್ ಎಂಬ ಬೆಟ್ಟದ ಮೇಲಿದ್ದ ಹಿಮನದಿ ಹಿಮನದಿಯೆಂಬ ಹೆಸರಿಗೂ ಉಳಿಯಲಿಲ್ಲವೆಂದು 2014ರಲ್ಲಿ ವಿಜ್ಞಾನಿಗಳು ಸಾರಿದರು. 2019ರ ಆಗಸ್ಟಿನಲ್ಲಿ ಅಲ್ಲಿಗೆ ಜನ ನಡೆದುಹೋಗಿ ಅದರ ನೆನಪಿಗೆ ಒಂದು ಫಲಕ ನೆಟ್ಟರು. ಆ ದೇಶದ ಲೇಖಕ ಆಂದ್ರಿ ಸ್ನೇರ್ ಮಾಗ್ನಸನ್ ಬರೆದ ಆ ಬರಹ ಮುಂದಿನ ಕಾಲದವರನ್ನು ಉದ್ದೇಶಿಸಿದ ಓಲೆ. ವೀರರಿಗೆ ಕಲ್ಲು ನಿಲ್ಲಿಸಿದ ನಾಡಿನವರು ನಾವು. ಹಿಮಕ್ಕೆ ನಿಲ್ಲಿಸಿದ ಸ್ಮಾರಕವನ್ನು ಊಹಿಸಿಕೊಳ್ಳುವುದು ನಮಗೆ ಕಷ್ಟವಾಗಬಾರದು. ಡೀಸೆಲ್ ಸುಡುತ್ತ ಹೋಗಿ ಕರಗುವ ಹಿಮವನ್ನು ಕಂಡು ಬೆರಗಾಗುವ ನಮ್ಮ ಲೆಕ್ಕವೂ ಅಲ್ಲಿ ಬರೆದಿದೆ.

ವ್ಯಾನಿನ ಬದುಕಿಗೆ ಒಂದು ಅಪಾಯವಿದೆ. ಅಡುಗೆ, ನಿದ್ದೆ, ಪಯಣ ಎಲ್ಲ ಒಂದೇ ಪೆಟ್ಟಿಗೆಯೊಳಗೆ ನಡೆಯುವುದರಿಂದ ಯಾರ ಹಂಗೂ ಇಲ್ಲದ ಭಾವ ಬರುತ್ತದೆ. ಹಂಗಿಲ್ಲದ ಕಡೆ ಸಂಬಂಧವೂ ಇರುವುದಿಲ್ಲ. ಹಿಂದೆ ಜನ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಿ ಮಲಗುತ್ತಿದ್ದರು. ಹಿಂದೆ ಬಿಟ್ಟುಹೋಗುತ್ತಿದ್ದುದನ್ನು ಹೊಲದ ಒಡೆಯ ಬಳಿಯಬೇಕಾಗುತ್ತಿತ್ತು. 2015ರಿಂದ ಜಾರಿಗೆ ಬಂದ ಕಾನೂನಿನಂತೆ, ಮಲಗುವ ಗಾಡಿಗಳು ರಾತ್ರಿ ಗೊತ್ತಾದ ತಂಗುಬಯಲಿನಲ್ಲಿಯೇ ನಿಲ್ಲಬೇಕು. ಬೇರೆಡೆ ನಿಲ್ಲಲು ನೆಲದ ಒಡೆಯನ ಒಪ್ಪಿಗೆ ಬೇಕು. ಈ ನಿರ್ಬಂಧವನ್ನು ಗೊಣಗುವವರುಂಟು. ನಾನು ಅದನ್ನು ಉಪಕಾರವೆಂದೇ ಭಾವಿಸುತ್ತೇನೆ. ಅದರ ದೆಸೆಯಿಂದ ನಾವು ಸಂಜೆ ಒಂದು ಊರನ್ನು ಸೇರಬೇಕಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ಭೂಗರ್ಭದ ಶಾಖದಿಂದ ಕಾಯಿಸಿದ ಬಿಸಿನೀರಿನ ಈಜುಕೊಳವೊಂದು ಇರುತ್ತದೆ. ಸೋಪು ಹಚ್ಚಿ ಮೈ ತೊಳೆದ ಮೇಲೆಯೇ ಕೊಳಕ್ಕೆ ಪ್ರವೇಶ. ನಮ್ಮ ಪುಷ್ಕರಿಣಿಗಳಿಗೂ ಅನ್ವಯಿಸಬಹುದಾದ ನಿಯಮ. ಮೀನುಗಾರ, ಶಾಲೆಯ ಉಪಾಧ್ಯಾಯಿನಿ, ಕುರಿ ಸಾಕುವ ಮುದುಕ ಎಲ್ಲರೂ ಕುತ್ತಿಗೆಯವರೆಗೆ ಮುಳುಗಿ ಊರಿನ ಮಾತಾಡುತ್ತಿರುತ್ತಾರೆ. ಜಲಪಾತಗಳ ಎಣಿಕೆ ಮರೆತುಹೋದೀತು. ಅಂಥ ಒಂದು ಸಂಜೆ ಮರೆಯುವುದಿಲ್ಲ.

ಸುತ್ತು ಮುಗಿಸಿ ರೇಕ್ಯಾವಿಕ್ ಸೇರುವ ಮುನ್ನ ರೇಕ್‌ಹೋಲ್ಟ್ ಎಂಬಲ್ಲಿ ಸ್ನೋರ್ರಿ ಸ್ತುರ್ಲುಸನ್ ಎಂಬ ಪಂಡಿತನ ಸ್ನಾನದ ಕೊಳವನ್ನು ನೋಡಬಹುದು. ನಾರ್ವೆಯ ಅರಸನ ಆಜ್ಞೆಯಂತೆ 1241ರಲ್ಲಿ ಅವನನ್ನು ಅದೇ ಊರಿನಲ್ಲಿ ಕೊಂದರು. ತನ್ನ ಕಾಲದ ತರುಣರು ಹಳೆಯ ಕಾವ್ಯದ ಮರ್ಮ ಮರೆಯಬಾರದೆಂದು ಅವನು ಛಂದಸ್ಸಿನ, ಪುರಾಣಕಥೆಗಳ ಲಕ್ಷಣಗ್ರಂಥ ಬರೆದ. ನಮ್ಮಲ್ಲಿ ಜನ್ನ ಕಾವ್ಯ ಬರೆದ, ಕೇಶಿರಾಜ ವ್ಯಾಕರಣ ಬರೆದ ಶತಮಾನವೇ ಅದು. ಒಂದು ಭೇದವಿದೆ. ಅಲ್ಲಿಯ ಶಾಲೆಯ ಮಕ್ಕಳು ಕಾಗುಣಿತ ತಿದ್ದಿದ ಪ್ರತಿಯಲ್ಲಿ ಸಾಗಾಗಳನ್ನು ಮೂಲದಲ್ಲಿಯೇ ಓದಬಲ್ಲರು. ನಮ್ಮ ಮಕ್ಕಳಿಗೆ ಹಳಗನ್ನಡ ಟೀಕೆಯಿಲ್ಲದೆ ದಕ್ಕದು. ಕಂಪ್ಯೂಟರು ಬಂದಾಗ ಅವರು ಸಂಖ್ಯೆ ಎಂಬ ಮಾತನ್ನೂ ಹಿಂದಿನ ಕಣಿ ಹೇಳುವವಳ ಹೆಸರನ್ನೂ ಬೆಸೆದು ಒಂದು ಹೊಸ ಪದ ಮಾಡಿಕೊಂಡರು. ನಾಲ್ಕು ಲಕ್ಷ ಜನರ ನುಡಿಗೆ ಇರುವ ಈ ಧೈರ್ಯ ಕೋಟಿಗಟ್ಟಲೆ ಜನರ ನುಡಿಗೆ ಇರಬೇಡವೆ?

ಆ ಸಾಗಾಗಳ ಹಸ್ತಪ್ರತಿಗಳನ್ನು ಆರ್ನಿ ಮಾಗ್ನುಸ್ಸನ್ ಎಂಬ ವಿದ್ವಾಂಸ ಮನೆಮನೆ ಅಲೆದು ಸಂಗ್ರಹಿಸಿ ಅಂದಿನ ಆಳುವ ದೇಶವಾದ ಡೆನ್ಮಾರ್ಕಿನ ರಾಜಧಾನಿಗೆ ಸಾಗಿಸಿದ್ದ. 1728ರ ಬೆಂಕಿಯಲ್ಲಿ ಅವನ ಗ್ರಂಥಗಳಲ್ಲಿ ಕೆಲವು ಸುಟ್ಟವು. ಹಸ್ತಪ್ರತಿಗಳಲ್ಲಿ ಬಹುಪಾಲು ಉಳಿದವು. ಸ್ವತಂತ್ರವಾದ ಮೇಲೆ ಐಸ್‌ಲೆಂಡ್ ಅವನ್ನು ಕೇಳಿತು. ದೀರ್ಘ ವಾದವಿವಾದವಾದ ಬಳಿಕ ಡೆನ್ಮಾರ್ಕ್ ಒಪ್ಪಿತು. 1971ರ ಏಪ್ರಿಲ್ 21ರಂದು ಮೊದಲ ಎರಡು ಗ್ರಂಥಗಳು ನೌಕಾಪಡೆಯ ಹಡಗಿನಲ್ಲಿ ಬಂದಿಳಿದಾಗ ಬಂದರಿನಲ್ಲಿ ಜನ ಕಿಕ್ಕಿರಿದಿದ್ದರು. ಆ ಎರಡರಲ್ಲಿ ಒಂದಕ್ಕೆ ನೂರಕ್ಕೂ ಹೆಚ್ಚು ಕರುಗಳ ಚರ್ಮ ಬೇಕಾಗಿತ್ತಂತೆ. ಕೊನೆಯ ಕಂತು 1997ರಲ್ಲಿ ತಲಪಿತು. ಇಂದು ಅವು 2023ರಲ್ಲಿ ತೆರೆದ 'ಎದ್ದಾ' ಎಂಬ ಹೊಸ ಕಟ್ಟಡದಲ್ಲಿ ಇವೆ. ಒಯ್ದವರು ಹಾಳು ಮಾಡದೆ ಇಟ್ಟುಕೊಂಡರು, ಓದಿದರು, ಅಚ್ಚು ಹಾಕಿಸಿದರು, ಕೊನೆಗೆ ಕೊಟ್ಟರು. ಕೊಟ್ಟದ್ದು ತಡವಾಯಿತು, ನಿಜ. ಆದರೂ ರಾಷ್ಟ್ರ ರಾಷ್ಟ್ರಗಳ ನಡುವೆ ಇಂಥ ಪ್ರಾಮಾಣಿಕ ಹಿಂದಿರುಗಿಕೆ ಅಪರೂಪ.

ಹಾಗಾದರೆ ಪರದೇಶ ಪ್ರವಾಸಿಗೆ ಗೋಪ್ಯವೋ ಭೋಗ್ಯವೋ? ಕೇವಲ ಗೋಪ್ಯವೆನ್ನುವವರು ಗಾಡಿಗಳನ್ನೇ ನಿಷೇಧಿಸಿ, ಜನರನ್ನು ಮನೆಯಲ್ಲಿ ಕೂರಿಸಿ ಎನ್ನುತ್ತಾರೆ. ಆ ಮಾತನ್ನು ನಾನು ಒಪ್ಪಲಾರೆ. ಸಿಗ್ರಿದುರಳೇ ಪ್ರವಾಸಿಗಳಿಗೆ ದಾರಿ ತೋರಿದವಳು. ನೋಡುವವರಿಲ್ಲದಿದ್ದರೆ ಆ ನೀರನ್ನು ಕಾಯುವವರೂ ಇರುತ್ತಿರಲಿಲ್ಲ. ಕೇವಲ ಭೋಗ್ಯವೆನ್ನುವವರು ಹತ್ತು ದಿನದಲ್ಲಿ ಸುತ್ತು ಮುಗಿಸಿ, ಕಂಡ ಸ್ಥಳಗಳ ಪಟ್ಟಿಯನ್ನು ಹೊಡೆದುಹಾಕಿ ಬರುತ್ತಾರೆ. ಅವರಿಗೆ ನನ್ನ ಸಲಹೆ ಇಷ್ಟೆ: ಅವಧಿ ಚಿಕ್ಕದಾದರೆ ಸುತ್ತುದಾರಿಯ ಆಸೆ ಬಿಟ್ಟು ದಕ್ಷಿಣದ ತೀರವೊಂದನ್ನೇ ನಿಧಾನವಾಗಿ ನೋಡಿ. ಬೆಳಗ್ಗೆ ಹೊರಡುವ ಮುನ್ನ ಗಾಳಿಯ ಮುನ್ಸೂಚನೆ ಕೇಳಿ. ಹೋಗುವ ಮುನ್ನ ಒಂದಾದರೂ ಸಾಗಾ ಓದಿ. ಲ್ಯಾಕ್ಸ್‌ನೆಸ್‌ನ ಒಂದು ಕಾದಂಬರಿ ಓದಿ. ಅವನಿಗೆ 1955ರಲ್ಲಿ ನೊಬೆಲ್ ಬಂತು. ಅವನಿದ್ದ ಮನೆ ಥಿಂಗ್‌ವೆಲ್ಲಿರ್ ದಾರಿಯಲ್ಲಿಯೇ ಇದೆ.

ಗಾಡಿಯನ್ನು ಒಪ್ಪಿಸುವಾಗ ಗೀರು ನೋಡಲು ಒಬ್ಬನಿರುತ್ತಾನೆ. ಚಿತ್ರವಿರುತ್ತದೆ, ಠೇವಣಿಯಿರುತ್ತದೆ, ಲೆಕ್ಕ ಅಲ್ಲಿಗೆ ಚುಕ್ತಾ ಆಗುತ್ತದೆ. ಹಾವಸೆಯ ಮೇಲೆ ನಾವು ಬಿಟ್ಟ ಗೀರನ್ನು ಗುರುತು ಹಾಕಿಕೊಳ್ಳಲು ಅಂಥ ಗುಮಾಸ್ತನಿಲ್ಲ. ಅದಕ್ಕಾಗಿ ನಮ್ಮಿಂದ ಯಾರೂ ಠೇವಣಿ ಇರಿಸಿಕೊಂಡಿಲ್ಲ. ಕೇಳುವವರಿಲ್ಲದ ಕಡೆ ಸರಿಯಾಗಿ ಲೆಕ್ಕ ಒಪ್ಪಿಸುವುದನ್ನೇ ನಮ್ಮ ಹಿರಿಯರು ಧರ್ಮವೆಂದು ಕರೆದರು. ಆ ಮಾತಿಗೆ ಐಸ್‌ಲೆಂಡಾದರೇನು, ಆಗುಂಬೆಯಾದರೇನು?